ಸದಾಶಿವನಿಗೆ ಎಡೆ

ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಎರಡು ಗೋಡೆಗೆ ಎಡೆ ಇಡುತ್ತೇವೆ. ಕಿಟಕಿ ಪಕ್ಕದ ಗೋಡೆ ನಮ್ಮ ಅತ್ತೆಯದು ಮತ್ತು ಅವರಿಗಿಂತ ಹಿರಿಯರದು. ಟಿವಿ ಇರುವ ಗೋಡೆ ಮಿಲಿಟರಿಯವರದು. ಅಂದು ಟಿವಿಯನ್ನು ಮಲಗುವ ಕೋಣೆಗೆ ಸಾಗಿಸಬೇಕಾಗುತ್ತದೆ. ವರ್ಷಕ್ಕೊಮ್ಮೆ ಹಾಸಿಗೆಯ ಮೇಲೆ ಬಿದ್ದುಕೊಂಡು ಟಿವಿ ನೋಡಲು ಸಿಗುವುದರಿಂದ ನನ್ನ ಮಕ್ಕಳಿಗೆ ಹಿರಿಯರ ಮೇಲೆ ತುಂಬಾ ಭಕ್ತಿ.

ನನ್ನ ಮಾವ ವೆಂಕಟಾಚಲ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿದ್ದವರು. ನೆಲಬಾಂಬು ಹೂಳುವುದು, ಹೂತದ್ದನ್ನು ತೆಗೆಯುವುದು ಅವರ ಕೆಲಸ. ಎಪ್ಪತ್ತೊಂದರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೂತರು. ಯುದ್ಧ ನಡೆಯುವಷ್ಟು ದಿನ ಅವರ ತಂಡದಲ್ಲಿ ಯಾರಿಗೂ ಏನೂ ಆಗಲಿಲ್ಲ. ಯುದ್ಧ ಮುಗಿದು, ಊರೂರಲ್ಲಿ ಮೆರವಣಿಗೆಗಳೂ ಮುಗಿದ ಮೇಲೆ, ಹೂತದ್ದನ್ನು ತೆಗೆಯಲು ಹೋದಾಗ ಒಬ್ಬೊಬ್ಬರಾಗಿ ಸತ್ತರು. ಗಾಳಿಗೆ ಮರಳು ಸರಿಯುತ್ತದೆ, ಮರಳಿನ ಜೊತೆ ಬಾಂಬೂ ಸರಿಯುತ್ತದೆ, ನಕ್ಷೆ ಮಾತ್ರ ಇದ್ದಲ್ಲೇ ಇರುತ್ತದೆ ಎಂದು ಮಾವ ಹೇಳುತ್ತಿದ್ದರು. ಇದನ್ನು ಅವರು ದುಃಖದಿಂದ ಹೇಳುತ್ತಿರಲಿಲ್ಲ. ಬಸ್ಸಿನ ವೇಳೆ ಬದಲಾಗಿದೆ ಎಂದು ತಿಳಿಸುವವರ ಹಾಗೆ ಹೇಳುತ್ತಿದ್ದರು.

ಕಾರ್ಗಿಲ್ ಯುದ್ಧದ ವರ್ಷ ಅಹಮದಾಬಾದಿನ ಮಣಿನಗರದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯವರಿಗೆ ಮಾವ ಇದ್ದಕ್ಕಿದ್ದಂತೆ ಕಾಣಿಸತೊಡಗಿದರು. ಅಲ್ಲಿಯವರೆಗೆ ಅವರು ಹಾಲು ತರುವ ಮುದುಕರಾಗಿದ್ದರು. ಆಗಸ್ಟ್ ಹದಿನೈದಕ್ಕೆ ಅವರ ಕೈಯಲ್ಲೇ ಬಾವುಟ ಹಾರಿಸಿ, ಶತ್ರುವನ್ನು ಹೇಗೆ ಹೊಡೆದಿರಿ, ಮಕ್ಕಳಿಗೆ ಹೇಳಿ ಎಂದು ಮೈಕು ಕೊಟ್ಟರು. ನಮ್ಮ ಹುಡುಗರು ನಾವು ಹೂತ ಬಾಂಬಿಗೇ ಸತ್ತರು, ಶತ್ರುವಿನ ಮುಖ ನಾವು ನೋಡಲಿಲ್ಲ ಎಂದು ಮಾವ ತಮ್ಮ ಮಿಲಿಟರಿ ಹಿಂದಿಯಲ್ಲಿ ಹೇಳಿ ಮೈಕು ಹಿಂದಿರುಗಿಸಿದರು. ಆಮೇಲೆ ಪೇಡಾ ಹಂಚಿದರು.

ಮಿಲಿಟರಿ ಗೋಡೆಗೆ ಮೂರು ಎಲೆ. ಮಳವಳ್ಳಿಯ ನಂಜುಂಡ, ಧರ್ಮಪುರಿಯ ಆರುಮುಗಂ, ಕೊಟ್ಟಾಯಂನ ಥಾಮಸ್. ಬದುಕಿದ್ದಾಗ ಯಾರಿಗೆ ಏನಿಷ್ಟವೋ ಅದನ್ನು ಎಡೆಗೆ ಇಡಬೇಕು. ಊರಲ್ಲಿ ಇದು ಕಷ್ಟವಲ್ಲ. ಅಹಮದಾಬಾದಿನಲ್ಲಿ ಕಷ್ಟ. ನಂಜುಂಡನಿಗೆ ಮಟನ್ ಸಾರು ಆಗಬೇಕು. ನಮ್ಮ ಸೊಸೈಟಿಯಲ್ಲಿ ಮೊಟ್ಟೆ ಬೇಯಿಸಿದರೂ ಮೂರನೆಯ ಮಹಡಿಗೆ ಗೊತ್ತಾಗುತ್ತದೆ. ಹಾಗಾಗಿ ಸೋಯಾ ಉಂಡೆಗಳನ್ನು ಹಾಕಿ ಅದೇ ಮಸಾಲೆ ಅರೆಯುತ್ತಿದ್ದೆ. ಆರುಮುಗಂಗೆ ರಮ್ ಬೇಕು. ಇದು ಪಾನನಿಷೇಧದ ರಾಜ್ಯ. ಸಣ್ಣ ಲೋಟದಲ್ಲಿ ತೆಳುವಾದ ಕಾಫಿ ಡಿಕಾಕ್ಷನ್ ಇಡುತ್ತಿದ್ದೆವು, ಬಣ್ಣ ಒಂದೇ. ಸತ್ತ ಮೇಲೆ ಅವನು ಯಾಕೆ ಕಾನೂನು ಮುರಿಯಬೇಕು ಎಂದು ಮಾವ ಕೇಳಿದ್ದರು. ಥಾಮಸ್ ಒಬ್ಬನದು ಮಾತ್ರ ಸಲೀಸು, ಅವನಿಗೆ ಬೀಡಿ. ಮೊದಲ ವರ್ಷ ನಾನು ಸೋಯಾದ ಬಗ್ಗೆ ಸಂಕೋಚಪಟ್ಟಾಗ ಮಾವ, "ಇಡಮ್ಮ. ಬದುಕಿದ್ದಾಗ ಇದಕ್ಕಿಂತ ಕೆಟ್ಟದ್ದು ತಿಂದವ್ರೆ," ಎಂದಿದ್ದರು.

ನಾಲ್ಕನೆಯವನೊಬ್ಬನಿದ್ದ, ಸದಾಶಿವ. ಅವನು ಮಾವನ ಊರಿನ ಪಕ್ಕದ ಊರಿನವನು, ಮಾಲೂರಿನ ಕಡೆಯವನು. ಒಂದು ಮಧ್ಯಾಹ್ನ ಬಾಂಬು ತೆಗೆದ ಜಾಗಕ್ಕೆ ಗುರುತಿನ ಬಾವುಟ ನೆಡಲು ಹೋದ. ಧೂಳಿನ ಬಿರುಗಾಳಿ ಎದ್ದಿತು. ಗಾಳಿ ನಿಂತಾಗ ಬಾವುಟಗಳೂ ಇರಲಿಲ್ಲ, ಸದಾಶಿವನೂ ಇರಲಿಲ್ಲ. ಸ್ಫೋಟದ ಸದ್ದನ್ನು ಯಾರೂ ಕೇಳಿರಲಿಲ್ಲ. ಆ ಗಾಳಿಯಲ್ಲಿ ಕೇಳಿಸುವಂತೆಯೂ ಇರಲಿಲ್ಲ. ಹುಡುಕಲು ಎಲ್ಲ ಕಡೆ ಕಾಲಿಡುವಂತಿರಲಿಲ್ಲ. ಗಡಿ ಹತ್ತಿರದಲ್ಲೇ ಇತ್ತು. ಕಾಣೆಯಾದ ಎಂದು ಬರೆದುಕೊಂಡರು. ಕೆಲವು ವರ್ಷ ಕಾದು, ಸತ್ತನೆಂದು ತಿಳಿಯಬಹುದು ಎಂದು ಸರ್ಕಾರ ಒಪ್ಪಿತು. ಮಾವ ಒಪ್ಪಲಿಲ್ಲ. ಅವನ ಹೆಸರಿಗೆ ಎಡೆ ಇಡಲಿಲ್ಲ. ಬದುಕಿರುವವರಿಗೆ ಎಡೆ ಇಡುವುದು ಸಣ್ಣ ತಪ್ಪಲ್ಲ ಎಂಬುದು ನನಗೂ ಗೊತ್ತಿದ್ದುದರಿಂದ ನಾನು ಕೇಳಲು ಹೋಗಲಿಲ್ಲ.

ಸದಾಶಿವನ ಹೆಂಡತಿ ಕಮಲಮ್ಮ ಸೂರತ್ತಿನ ಕತಾರ್‌ಗಾಮ್‌ನಲ್ಲಿ ಮಗಳು ತಾರಾಳ ಜೊತೆ ಇದ್ದರು. ಅಳಿಯನಿಗೆ ಬ್ಯಾಂಕಿನಲ್ಲಿ ಕೆಲಸ. ಪ್ರತಿ ಮಹಾಲಯದ ಸಂಜೆ ಅವರು ಎಸ್‌ಟಿಡಿ ಬೂತಿನಿಂದ ನಮಗೆ ಫೋನ್ ಮಾಡುತ್ತಿದ್ದರು. ಅಡುಗೆ ಏನು ಮಾಡಿದೆ, ಮಕ್ಕಳು ಹೇಗಿದ್ದಾರೆ ಎಂದೆಲ್ಲ ಕೇಳಿ, ಕೊನೆಗೆ ಮಿಲಿಟರಿಯವರಿಗೆ ಎಷ್ಟು ಎಲೆ ಹಾಕಿದಿರಿ ಎಂದು ಕೇಳುತ್ತಿದ್ದರು. ಮೂರು ಎನ್ನುತ್ತಿದ್ದೆ. ಸರಿ ಬಿಡಮ್ಮ ಎಂದು ಇಟ್ಟುಬಿಡುತ್ತಿದ್ದರು. ಅವರು ಊರಲ್ಲಿದ್ದಾಗ ನಮ್ಮ ಅತ್ತೆಯನ್ನೂ ಹೀಗೇ ಕೇಳುತ್ತಿದ್ದರಂತೆ.

ನಾನು ವರ್ಷಕ್ಕೊಮ್ಮೆ ಸೀರೆ ತರಲು ಸೂರತ್ತಿಗೆ ಹೋದಾಗ ತಾರಾಳ ಮನೆಯಲ್ಲಿ ಊಟ ಮಾಡಿ ಬರುತ್ತಿದ್ದೆ. ಹಿಂದಿರುಗಿದ ಮೇಲೆ ಮಾವ ಸೀರೆ ನೋಡುತ್ತಿರಲಿಲ್ಲ. ಕಮಲಮ್ಮ ಹಣೆಗೆ ಇಟ್ಟುಕೊಂಡಿದ್ದಾರಾ ಎಂದು ಕೇಳುತ್ತಿದ್ದರು. ಇಟ್ಟುಕೊಂಡಿದ್ದಾರೆ, ಕಾಸಿನಗಲ ಎನ್ನುತ್ತಿದ್ದೆ. ತಲೆಯಾಡಿಸಿ ಪೇಪರು ಬಿಡಿಸುತ್ತಿದ್ದರು.

ಕಾರ್ಗಿಲ್ ಯುದ್ಧದ ಆ ವರ್ಷ ಫೋನ್ ಬರಲಿಲ್ಲ. ಕಮಲಮ್ಮನೇ ಬಂದರು. ಅಮಾವಾಸ್ಯೆಯ ಬೆಳಿಗ್ಗೆ ನಾನು ಒಬ್ಬಟ್ಟಿಗೆ ಬೇಳೆ ಬಸಿಯುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಕೈಯಲ್ಲೊಂದು ಬುಟ್ಟಿ ಹಿಡಿದು, ಮಣಿನಗರ ಸ್ಟೇಷನ್ನಿನಿಂದ ನಡೆದೇ ಬಂದಿದ್ದರು. ತಾರಾಳಿಗೆ ಹೇಳಿ ಬಂದಿರಾ ಎಂದರೆ, ಅವಳು ಬೇಡ ಅಂದಳು, ಅದಕ್ಕೇ ಬಂದೆ ಎಂದರು. ನನ್ನ ಗಂಡ ಗಿರಿಧರ ಆಫೀಸಿನ ಆಡಿಟ್ಟಿಗೆಂದು ವಡೋದರಾಕ್ಕೆ ಹೋಗಿದ್ದರು. ಟಿವಿ ಸಾಗಿಸಲು ಕೈ ಸಾಲದಿದ್ದುದರಿಂದ ಕಮಲಮ್ಮನನ್ನೇ ಒಂದು ಕಡೆ ಹಿಡಿಯಲು ಕರೆದೆ. ನಾನೂ ಅವರೂ ಅದನ್ನು ಒಳಗಿಟ್ಟೆವು. ಮಕ್ಕಳು ಕೂಡಲೇ ಹಾಸಿಗೆ ಹತ್ತಿದರು.

ಮಾವ ಬಾಳೆಲೆ ತರಲು ಸ್ಟೇಷನ್ ಹತ್ತಿರದ ಪದ್ಮನಾಭರ ಹೋಟೆಲಿಗೆ ಹೋಗಿದ್ದವರು ಎಲೆ ಸುರುಳಿ ಹಿಡಿದು ಬಂದರು. ಕಮಲಮ್ಮನನ್ನು ನೋಡಿ ಚಪ್ಪಲಿ ಬಿಡುವುದನ್ನು ಮರೆತು ನಿಂತರು. ಆಮೇಲೆ, ರೈಲಿನಲ್ಲಿ ಸೀಟು ಸಿಕ್ಕಿತಾ ಎಂದು ಕೇಳಿದರು. ಸಿಕ್ಕಿತು ಎಂದರು. ಇಬ್ಬರೂ ಎದುರುಬದುರು ಕುಳಿತರು. ಕಾಫಿ ಕೊಟ್ಟೆ. ಮಾಲೂರಿನ ಮಳೆ, ತಾರಾಳ ಗಂಡನ ಬಡ್ತಿ, ಸಕ್ಕರೆ ಕಾಯಿಲೆ, ಎಲ್ಲವೂ ಆಯಿತು. ನಾನು ಕಣಕ ನಾದುವ ನೆಪದಲ್ಲಿ ಪಾತ್ರೆಯನ್ನು ಹೊರಗೇ ತಂದುಕೊಂಡೆ.

"ಅಣ್ಣಾ," ಎಂದರು ಕಮಲಮ್ಮ, "ಅವರು ಎಲ್ಲವ್ರೆ?"

ಮಾವ ಲೋಟ ಕೆಳಗಿಟ್ಟರು. "ಯಾರು?"

"ಯಾರು ಅಂದ್ರೆ. ನಮ್ಮನೆಯವರು. ಇಷ್ಟು ವರ್ಷ ನಾನು ಬಾಯಿಬಿಟ್ಟು ಕೇಳಿಲ್ಲ. ನಿಂಗೆ ಏನೋ ಗೊತ್ತು, ಹೇಳಬಾರದು ಅಂತ ಮಿಲಿಟರಿಯೋರು ಆಣೆ ಹಾಕ್ಸವ್ರೆ ಅಂದ್ಕೊಂಡೆ. ಈ ಸಲ ಟಿವಿಯಲ್ಲಿ ಪೆಟ್ಟಿಗೆಗಳು ಬಂದ್ವಲ್ಲ, ಬಾವುಟ ಹೊದ್ಸಿ. ಮೂರು ತಿಂಗಳು ಅದನ್ನೇ ನೋಡ್ದೆ. ನಂಗೆ ಪೆಟ್ಟಿಗೇನೂ ಬರಲಿಲ್ಲ, ಮನುಷ್ಯನೂ ಬರಲಿಲ್ಲ. ಈಗ ಹೇಳ್ಬಿಡು."

"ನಂಗೆ ಗೊತ್ತು ಅಂತ ಯಾರು ಹೇಳಿದ್ರಮ್ಮ?"

"ನೀನೇ. ಪ್ರತಿ ವರ್ಷ ಮೂರು ಎಲೆ ಹಾಕ್ತೀಯಲ್ಲ. ಜೊತೇಲಿದ್ದೋನು ನೀನು. ಸತ್ತಿದ್ರೆ ನೀನು ನಾಲ್ಕು ಹಾಕಲ್ವಾ? ಅದನ್ನ ನೋಡಿ ತಾನೇ ನಾನು ಕುಂಕುಮ ಇಟ್ಕೊಂಡಿರೋದು."

ಮಾವ ಬಹಳ ಹೊತ್ತು ತಮ್ಮ ಚಪ್ಪಲಿಯನ್ನೇ ನೋಡಿದರು. ಅದನ್ನು ಇನ್ನೂ ಬಿಚ್ಚಿರಲಿಲ್ಲ. ಎದ್ದು ಹೋಗಿ ಬಾಗಿಲ ಬಳಿ ಬಿಟ್ಟು ಬಂದು ಕುಳಿತರು.

"ನಂಗೇನೂ ಗೊತ್ತಿಲ್ಲ ಕಮಲಮ್ಮ," ಎಂದರು. "ನೀನು ಕುಂಕುಮ ಇಟ್ಕೊಂಡಿದ್ದೀಯ ಅಂತ ನಾನು ಎಲೆ ಹಾಕಲಿಲ್ಲ. ಹೆಂಡ್ತಿ ಆದೋಳಿಗೆ ಏನಾದ್ರೂ ಸುದ್ದಿ ಬಂದಿರತ್ತೆ ಅಂದ್ಕೊಂಡೆ."

ಕಮಲಮ್ಮ ನನ್ನ ಕಡೆ ತಿರುಗಿದರು. ಅದು ನಿಜವಾ ಎಂದು ಕಣ್ಣಲ್ಲೇ ಕೇಳಿದ ಹಾಗಿತ್ತು. ನಾನು ಹೂಂ ಎಂದೆ. ಸೂರತ್ತಿನಿಂದ ಬಂದಾಗಲೆಲ್ಲ ಮಾವ ಇದೇ ಒಂದು ಮಾತು ಕೇಳುತ್ತಿದ್ದರು ಎಂದೆ. ನನ್ನ ಕೈ ಹಿಟ್ಟಾಗಿತ್ತು. ಇಲ್ಲದಿದ್ದರೆ ಅವರ ಕೈ ಹಿಡಿದುಕೊಳ್ಳುತ್ತಿದ್ದೆ.

ಒಳಗಿನಿಂದ ಕಾರ್ಟೂನಿನ ಸದ್ದು ಜೋರಾಗಿ ಬರುತ್ತಿತ್ತು. ಕೆಳಗೆ ಸೊಸೈಟಿಯ ಅಂಗಳದಲ್ಲಿ ಮರುದಿನದ ಗರ್ಬಾ ಕುಣಿತಕ್ಕೆ ಮೈಕು ಕಟ್ಟುತ್ತಿದ್ದರು. ಕಮಲಮ್ಮ ಅಳುತ್ತಾರೆಂದುಕೊಂಡೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು, ಕುಂಕುಮಕ್ಕೆ ತಗುಲದಂತೆ.

"ನಾವಿಬ್ರೂ ಒಳ್ಳೇ ಜನ ಕಣಣ್ಣ," ಎಂದರು. "ಒಂದು ಮಾತು ಕೇಳಿದ್ರೆ ಬಾಯಿ ಸವೀತಿತ್ತಾ?"

ಮಾವ, ಗೋಡೆಯ ಮುಂದೆ ಸಾರಿಸಲು ಬಟ್ಟೆ ಕೊಡಮ್ಮ ಎಂದು ನನ್ನನ್ನು ಕೇಳಿದರು. ಪ್ರತಿ ವರ್ಷ ಅವರೇ ಸಾರಿಸುತ್ತಿದ್ದರು. ಮೊಣಕಾಲೂರಿ, ಒಂದು ಅಂಗೈಯಗಲದ ಜಾಗವನ್ನು ಮುಗಿಸಿ, ನಂತರ ಪಕ್ಕದ ಅಂಗೈಯಗಲಕ್ಕೆ ಹೋಗುತ್ತಿದ್ದರು. ಕಮಲಮ್ಮ ಅದನ್ನು ನೋಡುತ್ತ ಕುಳಿತಿದ್ದರು. ನಾನು ಒಲೆಗೂ ಹೊರಗೂ ಓಡಾಡುತ್ತಿದ್ದೆ. ಒಬ್ಬಟ್ಟು ಬೇಯಿತು, ವಡೆ ಕರಿದಾಯಿತು, ಮುದ್ದೆ ಕಟ್ಟಿದೆ, ನಂಜುಂಡನ ಸೋಯಾ ಕುದಿಯಿತು. ಮಾವ ಮೂರು ಎಲೆ ಹಾಸಿ, ತುದಿಗಳನ್ನು ಒಂದೇ ಗೆರೆಗೆ ತಂದರು.

"ಇನ್ನೊಂದು ಹಾಕು," ಎಂದರು ಕಮಲಮ್ಮ.

"ಹಂಗೆಲ್ಲ ಆಗಲ್ಲಮ್ಮ. ಬದುಕಿದ್ರೆ?"

"ಬದುಕಿದ್ರೆ ಎಲ್ಲೋ ಯಾರೋ ಅನ್ನ ಹಾಕಿರ್ತಾರೆ. ಸತ್ತಿದ್ರೆ ಇಪ್ಪತ್ತೇಳು ವರ್ಷದ ಉಪವಾಸ ಅಣ್ಣಾ. ಪಕ್ಕದಲ್ಲೇ ಇವರು ಮೂರು ಜನ ವರ್ಷ ವರ್ಷ ಉಣ್ತಾ ಇದ್ದರೆ, ಅವರು ನೋಡ್ತಾ ನಿಂತಿದ್ರೇನೋ."

ಮಾವ ಗೋಡೆಯನ್ನು ನೋಡಿದರು. ಅಲ್ಲಿ ಟಿವಿ ಇದ್ದ ಗುರುತು ಚೌಕವಾಗಿ ಬೆಳ್ಳಗೆ ಕಾಣುತ್ತಿತ್ತು. ಎಲೆ ಸುರುಳಿಯಲ್ಲಿ ಇನ್ನೂ ಎಲೆಗಳಿದ್ದವು. ಯಾವುದಾದರೂ ಹರಿದರೆ ಇರಲಿ ಎಂದು ಪದ್ಮನಾಭ ಯಾವಾಗಲೂ ಹೆಚ್ಚಿಗೆ ಕೊಡುತ್ತಿದ್ದರು. ಮಾವ ಒಂದನ್ನು ಎಳೆದುಕೊಂಡು, ನೀರು ಚಿಮುಕಿಸಿ, ಒರೆಸಿದರು. ಹಾಸಲು ಕೈ ಬಗ್ಗಲಿಲ್ಲ. ನೆಲದಿಂದ ಗೇಣು ಮೇಲೆ ಹಿಡಿದುಕೊಂಡೇ ಕುಳಿತರು. ಕಮಲಮ್ಮ ಎದ್ದು ಬಂದು ಅವರ ಕೈಯಿಂದ ತೆಗೆದುಕೊಂಡು ಥಾಮಸ್‌ನ ಪಕ್ಕದಲ್ಲಿ ಹಾಸಿದರು. ಮಾವ ಅದರ ತುದಿಯನ್ನು ಗೆರೆಗೆ ತಂದರು.

ಅವರಿಗೆ ಏನಿಷ್ಟ, ಹೇಳಿ, ಇನ್ನೂ ಒಲೆ ಹತ್ತಿದೆ, ಮಾಡುತ್ತೇನೆ ಎಂದು ಕಮಲಮ್ಮನನ್ನು ಕೇಳಿದೆ.

"ಅದನ್ನು ತಿಳ್ಕೊಳ್ಳೋಷ್ಟು ದಿನ ಜೊತೇಲಿ ಎಲ್ಲಿದ್ದೆ ಮಗಳೇ," ಎಂದರು. "ತಾರಾ ಹೊಟ್ಟೇಲಿದ್ದಾಗ ಹೋದೋರು. ಎಲ್ಲಾ ಬಡಿಸು."

ಮಾವನನ್ನು ನೋಡಿದೆ. ಅವರೂ, ಎಲ್ಲಾ ಬಡಿಸು ಎಂದರು. ನಾನು ಎಲ್ಲವನ್ನೂ ಎರಡೆರಡು ಸಲ ಬಡಿಸಿದೆ. ಮಾವ ಡಿಕಾಕ್ಷನ್ನಿನ ಇನ್ನೊಂದು ಲೋಟ ತರಿಸಿ ಇಟ್ಟರು. ಕಮಲಮ್ಮ ಅದು ಏನೆಂದು ಕೇಳಿದರು. ರಮ್ ಎಂದರು ಮಾವ. ಅವರು ಕುಡೀತಿದ್ದರಾ ಎಂದು ಕಮಲಮ್ಮ ಕೇಳಿದರು. ಚಳಿಗೆ ಎಂದರು ಮಾವ. ಕಮಲಮ್ಮ ಲೋಟವನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು, ಆದರೆ ತೆಗೆಯಲಿಲ್ಲ.

ಧೂಪ ಹಾಕಿ ಕೈಮುಗಿದ ಮೇಲೆ ಮನೆಯವರೆಲ್ಲ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ನಾವು ನೋಡುತ್ತಿದ್ದರೆ ಹಿರಿಯರು ಉಣ್ಣುವುದಿಲ್ಲ. ಟಿವಿ ಆರಿಸಿ ಮಕ್ಕಳನ್ನು ಎಳೆದುಕೊಂಡು ಬಂದೆ. ಐವರೂ ಮೆಟ್ಟಿಲ ಬಳಿ ನಿಂತೆವು. ಈ ಅಜ್ಜಿಯ ಗಂಡ ನಿಜವಾಗಲೂ ಒಳಗೆ ಬಂದಿದ್ದಾರಾ ಎಂದು ಮಗ ರೋಹಿತ್ ಹಿಂದಿಯಲ್ಲಿ ಅಕ್ಕನನ್ನು ಕೇಳಿದ. ಸುಮ್ಮನಿರು ಎಂದು ಅಕ್ಷತಾ ಗುಜರಾತಿಯಲ್ಲಿ ಗದರಿದಳು. ತಾರಸಿಯ ಮೇಲೆ ಕಾಗೆಗೆ ಪೂರಿ, ದೂಧಪಾಕ್ ಪಾಯಸ ಇಟ್ಟು ಇಳಿದು ಬರುತ್ತಿದ್ದ ಎದುರು ಮನೆಯ ಹಂಸಾಬೆನ್, ಎಲ್ಲರೂ ಹೊರಗೇಕೆ ನಿಂತಿದ್ದೀರಿ ಎಂದರು. ಒಳಗೆ ನೆಂಟರು ಊಟ ಮಾಡುತ್ತಿದ್ದಾರೆ ಎಂದೆ. ಅವರು ಮತ್ತೇನೂ ಕೇಳದೆ ತಮ್ಮ ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಮಾವ ಎಂದಿನಂತೆ ಒಮ್ಮೆ ಕೆಮ್ಮಿ, ಬಾಗಿಲು ತೆಗೆಯಲು ಕೈ ಎತ್ತಿದರು.

"ತಾಳಣ್ಣಾ," ಎಂದರು ಕಮಲಮ್ಮ. "ಅವರದು ನಿಧಾನ ಊಟ."

"ಇಲ್ಲ ಕಣಮ್ಮ. ನಮ್ಮಲ್ಲಿ ಎಲ್ಲರಿಗಿಂತ ಮೊದಲು ತಟ್ಟೆ ತೊಳೀತಿದ್ದೋನು ಅವನೇ."

"ಅದು ನಿಮ್ಮ ಜೊತೇಲಿ. ಮನೇಲಿ ನಿಧಾನ."

ಮಾವ ಕೈ ಇಳಿಸಿದರು. ಕಮಲಮ್ಮ ಮೆಟ್ಟಿಲ ಮೇಲೆ ಕುಳಿತರು. ಒಲೆಯ ಮೇಲೆ ಏನೂ ಬಿಟ್ಟು ಬಂದಿಲ್ಲ ಎಂದು ಮನಸ್ಸಿನಲ್ಲೇ ನೋಡಿಕೊಂಡು ನಾನೂ ಅವರ ಪಕ್ಕ ಕುಳಿತೆ. ಮಕ್ಕಳಿಗೆ ಹಸಿವಾಗಿತ್ತು. ಮಾವ ಬಾಗಿಲಿಗೆ ಬೆನ್ನು ಮಾಡಿ, ಯಾರೂ ಒಳಗೆ ಹೋಗದಂತೆ ನಿಂತುಕೊಂಡರು.