ಅರ್ಧ ಸುರುಳಿ

ಬೈರಮ್ಮನಿಗೆ ಹೊಟ್ಟೆಕಿಚ್ಚು. ಸುಳ್ಳೇಕೆ ಹೇಳಬೇಕು? ವಾರಗಿತ್ತಿ ಆದಿಲಕ್ಷ್ಮಿಯ ಸೀರೆಯ ಮೇಲಲ್ಲ, ಒಡವೆಯ ಮೇಲಲ್ಲ, ಅವಳು ತವರಿನಿಂದ ತಂದ ಒಂದು ಹಲಗೆಯ ಮೇಲೆ. ಹಲಗೆಯಲ್ಲಿ ಗಡಿಯಾರದಂಥ ಎರಡು ಮೀಟರು, ಒಂದು ವೋಲ್ಟಿನದು, ಇನ್ನೊಂದು ಆಂಪಿಯರಿನದು. ಆದಿಲಕ್ಷ್ಮಿಯ ಅಪ್ಪ ಚಿನ್ನದ ಗಣಿಯಲ್ಲಿ ಕರೆಂಟಿನ ಕೆಲಸ ಮಾಡಿ ನಿವೃತ್ತನಾದವನು. ಲೋಕವೆಲ್ಲ ಮಗಳಿಗೆ ಹಂಡೆ ಕೊಡಪಾನ ಕೊಟ್ಟರೆ ಈ ಪುಣ್ಯಾತ್ಮ ಮೀಟರು ಕೊಟ್ಟು ಕಳಿಸಿದ್ದ.

ಶ್ರೀನಿವಾಸಪುರಕ್ಕೆ ಮೂರು ಮೈಲಿ ದೂರದ ಆ ಊರಿನಲ್ಲಿ ರೇಷ್ಮೆಹುಳು ಸಾಕದ ಮನೆಯಿರಲಿಲ್ಲ. ಯಾರ ಮನೆಯಲ್ಲಿ ಮೊಟ್ಟೆಯೊಡೆದು ಹುಳು ಹೊರಬಂದರೂ ಮೊದಲ ಸೊಪ್ಪು ಹಾಕಲು ಬೈರಮ್ಮನೇ ಹೋಗಬೇಕು. ಅವಳ ಕೈಗುಣ ಅಂಥದು. ಹದಿನೈದು ವರ್ಷ, ಚಳಿಗಾಲ ಬಂತೆಂದರೆ ಚಾಕಿ ಮನೆಯಲ್ಲಿ, ಅಂದರೆ ಎಳೆಹುಳುಗಳ ಕೋಣೆಯಲ್ಲಿ, ಇದ್ದಿಲೊಲೆ ಹಚ್ಚಿ, ಬಾಗಿಲಲ್ಲಿ ನಿಂತು ಕೆನ್ನೆಯೊಡ್ಡಿ ಕಾವು ಹೇಳಿದವಳು ಅವಳು. ಒಂದು ಬೆಳೆಯೂ ಕೆಟ್ಟಿರಲಿಲ್ಲ.

ಎಂಬತ್ತೆರಡರ ಮಾಗಿಯಲ್ಲಿ ಆದಿಲಕ್ಷ್ಮಿ ಕರೆಂಟಿನ ಒಲೆ ತರಿಸಿದಳು. ಮಣ್ಣಿನ ಬಿಲ್ಲೆ, ಅದರ ತೋಡಿನಲ್ಲಿ ಸುರುಳಿ ತಂತಿ. ಮೀಟರು ನೋಡಿ, ಬೈರಮ್ಮನ ಒಲೆಯದೇ ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ಲೆಕ್ಕ ಬರೆದಳು.

"ಇನ್ನೂರು ವೋಲ್ಟು, ನಾಲ್ಕು ಆಂಪಿಯರು. ಗುಣಿಸಿದ್ರೆ ಎಂಟುನೂರು ವ್ಯಾಟು. ಈ ಕೋಣೆಗೆ ಅಷ್ಟು ಕಾವು ಸಾಕು ಮಾವ. ಭಾಗಿಸಿದ್ರೆ ಐವತ್ತು ಓಮು. ಅಂದ್ರೆ ಈ ತಂತಿ ಕರೆಂಟನ್ನ ಅಷ್ಟು ತಡೀತದೆ."

ಮಾವ ಕೋದಂಡರಾಮಪ್ಪನಿಗೆ ಓಮೂ ತಿಳಿಯಲಿಲ್ಲ, ವ್ಯಾಟೂ ತಿಳಿಯಲಿಲ್ಲ. ಆದರೂ ಮುಖ ಊರಗಲವಾಯಿತು.

"ಭಲೇ ಅಮ್ಮಯ್ಯ! ಬೈರಮ್ಮ, ಈ ಬೆಳೆ ಆದಿಲಕ್ಷ್ಮಿ ನೋಡ್ಕೊಳ್ಳಲಿ. ಚಾಕಿ ಚೆನ್ನಾಗಿ ಬಂದ್ರೆ ಕೋಣೆ ಬೀಗದ ಕೈ ಅವಳ ಹತ್ರಾನೇ ಇರ್ಲಿ. ನೀನೂ ಪಾಪ, ಎಷ್ಟು ವರ್ಷ ಹೊಗೆ ಕುಡೀತೀಯ?"

ಹೊಗೆ ಕುಡಿದಾಗ ಕಾಣದ ಪಾಪ ಈಗ ಕಂಡಿತಂತೆ. ಹದಿನೈದು ವರ್ಷ ಸೊಂಟದಲ್ಲಿದ್ದ ಬೀಗದ ಕೈ ಬಿಚ್ಚಿಕೊಡುವಾಗ ಬೈರಮ್ಮ ನಕ್ಕಳು. ಆ ನಗುವಿಗೆ ಅವಳು ಪಟ್ಟ ಕಷ್ಟ ಆ ದೇವರಿಗೇ ಗೊತ್ತು. ಅಂದಿನಿಂದ ಅವಳಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಆದಿಲಕ್ಷ್ಮಿ "ಅಕ್ಕ, ಅಕ್ಕ" ಎಂದು ಹಿಂದೆ ಬಂದಷ್ಟೂ ಮೈ ಉರಿಯಿತು. ಗೊಡ್ಡು ಹಸು ಒದ್ದರೆ ತಡೆದುಕೊಳ್ಳಬಹುದು, ಈ ಒಳ್ಳೆಯತನ ತಡೆಯುವುದು ಹೇಗೆ?

ಹುಳುಗಳು ಮೊದಲ ಜ್ವರ, ಅಂದರೆ ಸೊಪ್ಪು ಬಿಟ್ಟು ಮಲಗುವ ಮೊದಲ ನಿದ್ದೆ, ಕಳೆದು ಪೊರೆ ಬಿಟ್ಟ ಮೂರನೆಯ ದಿನ. ಆದಿಲಕ್ಷ್ಮಿ ಬೀಗವನ್ನು ಒತ್ತದೆ ಬಾಗಿಲಿಗೇ ತಗುಲಿಸಿ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದಳು. ಬೈರಮ್ಮ ಒಳಗೆ ಹೋಗಿ ಪ್ಲಗ್ಗು ಕಿತ್ತಳು. ಅವಳ ಲೆಕ್ಕ ಸರಳವಾಗಿತ್ತು: ಸೌದೆ ಅರ್ಧವಾದರೆ ಉರಿ ಅರ್ಧ, ತಂತಿ ಅರ್ಧವಾದರೆ ಕಾವು ಅರ್ಧ. ಕೋಣೆ ತಣ್ಣಗಾಗಿ ಹುಳು ಮಂಕಾಗಿ ಸೊಪ್ಪು ಬಿಟ್ಟು ಕೂರುತ್ತವೆ, ಸಾಯುವುದಿಲ್ಲ. ಆಗ ತಾನು ಇದ್ದಿಲೊಲೆ ತಂದಿಟ್ಟು ಬದುಕಿಸಬೇಕು, ಗೋಡೆಯ ಮೇಲಿನ ಲೆಕ್ಕಕ್ಕೆ ಊರೇ ನಗಬೇಕು. ಒಲೆ ಆರಿದ ಮೇಲೆ ಸುರುಳಿಯನ್ನು ಅಡಕತ್ತರಿಯಿಂದ ಸರಿಯಾಗಿ ನಡುವಿಗೆ ಕತ್ತರಿಸಿದಳು. ಉಳಿದರ್ಧವನ್ನು ಎಳೆದು ಉದ್ದ ಮಾಡಿ ತೋಡಿನಲ್ಲಿ ಕೂರಿಸಿ ತಿರುಪು ಬಿಗಿದಳು. ಕತ್ತರಿಸಿದ ತುಂಡನ್ನು ಎಲೆಯಡಿಕೆ ಚೀಲಕ್ಕೆ ತುರುಕಿ, ಪ್ಲಗ್ಗು ಹಾಕಿ, ಸೊಪ್ಪು ಕೊಯ್ಯಲು ತೋಟಕ್ಕೆ ನಡೆದಳು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಗಿತ್ತು.

ಸೊಪ್ಪಿನ ಹೊರೆ ಹೊತ್ತು ಬಂದಾಗ ಚಾಕಿ ಮನೆಯ ಬಾಗಿಲು ಕಿಟಕಿಗಳೆಲ್ಲ ತೆರೆದಿದ್ದವು. ಅಭ್ಯಾಸಬಲದಿಂದ ಬಾಗಿಲಲ್ಲಿ ನಿಂತು ಕೆನ್ನೆಯೊಡ್ಡಿದಳು. ಒಳಗಿನಿಂದ ಝಳ ಬಡಿಯಿತು. ಹೊರೆ ಅಲ್ಲೇ ಬಿತ್ತು. ಒಲೆಯ ಹತ್ತಿರದ ನಾಲ್ಕು ತಟ್ಟೆಗಳಲ್ಲಿ ಸೊಪ್ಪು ಒಣಗಿ ಗರಿಗರಿಯಾಗಿತ್ತು, ಹುಳುಗಳು ಮುರುಟಿಕೊಂಡಿದ್ದವು. ಬೈರಮ್ಮ ಒಂದನ್ನು ಅಂಗೈ ಮೇಲಿಟ್ಟು ಊದಿದಳು. ಅಲುಗಲಿಲ್ಲ. ಹದಿನೈದು ವರ್ಷದಲ್ಲಿ ಅವಳ ಕೈಯಲ್ಲಿ ಹುಳು ಹೀಗೆ ಸತ್ತಿರಲಿಲ್ಲ.

ಕೋದಂಡರಾಮಪ್ಪ ಬೀಗದ ಕೈ ಹಿಡಿದು ಗುಡುಗುತ್ತಿದ್ದ. "ಎಂಟುನೂರು ಅಂದ್ಯಲ್ಲಮ್ಮ, ಇದೇನಾ ನಿನ್ನ ಎಂಟುನೂರು?"

ಆದಿಲಕ್ಷ್ಮಿ ತಲೆ ತಗ್ಗಿಸಿದಳು. "ಲೆಕ್ಕ ನಂದೇ ತಪ್ಪಾಯ್ತು ಮಾವ."

"ತಗೋ ಬೈರಮ್ಮ. ನಿನ್ನ ಕೈಗುಣಾನೇ ಸರಿ." ಬೀಗದ ಕೈಯನ್ನು ಹಿರಿಸೊಸೆಯ ಕೈಗೆ ಹಾಕಿ ಅವನು ಜಗಲಿಗೆ ಹೋದ.

ಗೋಡೆಯ ಮೇಲೆ ಹಳೆಯ ಲೆಕ್ಕದ ಕೆಳಗೆ ಹೊಸದೊಂದಿತ್ತು. ಇನ್ನೂರು ವೋಲ್ಟು, ಎಂಟು ಆಂಪಿಯರು. ಇಪ್ಪತ್ತೈದು ಓಮು. ಸಾವಿರದ ಆರುನೂರು ವ್ಯಾಟು.

"ತಡೆಯೋ ತಂತಿ ಅರ್ಧ ಆದ್ರೆ ಕರೆಂಟು ಎರಡರಷ್ಟು ನುಗ್ಗತದೆ ಅಕ್ಕ, ಕಾವೂ ಎರಡರಷ್ಟು," ಎಂದಳು ಆದಿಲಕ್ಷ್ಮಿ, ಸೊಪ್ಪಿನ ಹೊರೆ ಬಿಚ್ಚುತ್ತಾ, ತೀರ ಮೆಲ್ಲಗೆ. "ಒಲೆ ಬಿಚ್ಚಿ ನೋಡಿಲ್ಲ ನಾನು. ಮೀಟರೇ ಹೇಳ್ತು. ಆ ಅರ್ಧ ಕೊಡಿ, ಜೋಡಿಸಿಬಿಡ್ತೀನಿ. ಮಿಕ್ಕ ಹುಳುಗೆ ಸಂಜೆ ಚಳಿಯಾಗ್ತದೆ."

ಬೈರಮ್ಮ ಚೀಲದ ಬಾಯಿ ಬಿಚ್ಚಿದಳು. ಎಲೆಯಡಿಕೆಯ ನಡುವೆ ಸುರುಳಿ ಇತ್ತು. ಬಯಸಿದ ಬೀಗದ ಕೈ ಅಂಗೈಯಲ್ಲಿತ್ತು, ಸತ್ತ ಹುಳುವಿನ ಪಕ್ಕದಲ್ಲೇ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಅವಳದೇ. ಆದರೆ ಇವಳು ಲೆಕ್ಕವನ್ನೂ ಸರಿಯಾಗಿ ಮಾಡಿ, ತಪ್ಪನ್ನೂ ತಾನೇ ಹೊತ್ತು, ಎರಡರಲ್ಲೂ ಗೆದ್ದಳಲ್ಲ! ಮೀಟರಿನಲ್ಲಿ ಸೋತದ್ದಾಯಿತು. ಒಳ್ಳೆಯತನವನ್ನೂ ಅವಳೊಬ್ಬಳಿಗೇ ಬಿಟ್ಟುಕೊಡಲು ಬೈರಮ್ಮನ ಹೊಟ್ಟೆಕಿಚ್ಚು ಒಪ್ಪಲಿಲ್ಲ.

ಸುರುಳಿಯನ್ನು ಎತ್ತಿ ಹಿಡಿದು, ಮೂರು ಮನೆಗೆ ಕೇಳುವ ಹಾಗೆ ಕೂಗಿದಳು.

"ಮಾವಾ, ಬನ್ನಿ ಇಲ್ಲಿ! ಈಕೆ ಲೆಕ್ಕ ತಪ್ಪಿಲ್ಲ. ತಂತಿ ಕುಯ್ದೋಳು ನಾನು!"