ಬಲಕ್ಕೆ ತಿರುಗಿದ ಸಾಲು

ಅಮೆರಿಕದ ಮನ್ರೋ ಊರಿನ ಹಿರಿಯರ ಕಾಲೊನಿಯ ಕ್ಲಬ್‌ಹೌಸಿನಲ್ಲಿ ಶನಿವಾರ, ಸಾಲಾಗಿ ನಿಂತು ಒಂದೇ ಹೆಜ್ಜೆ ಹಾಕುವ ಲೈನ್ ಡ್ಯಾನ್ಸ್ ಪ್ರದರ್ಶನವಿತ್ತು. ಹಿಂದಿನ ದಿನದ ಅಭ್ಯಾಸದಲ್ಲಿ ತಂಡವೆಲ್ಲ ಎಡಕ್ಕೆ ತಿರುಗಿದರೆ ಜಯಂತಿ ಮತ್ತೆ ಬಲಕ್ಕೆ ತಿರುಗಿದರು. ಚಿಕ್ಕಂದಿನಿಂದ ದೇವರಿಗೆ ಪ್ರದಕ್ಷಿಣೆ ಹಾಕಿದ ಕಾಲುಗಳು. ತಿರುಗು ಎಂದರೆ ಅವಕ್ಕೆ ಗೊತ್ತಿರುವುದು ಬಲಗಡೆ ಒಂದೇ.

"ಜಯಂತಿ ಆಂಟಿ, ಇದೇನ್ ದೇವಸ್ಥಾನಾನಾ?" ಎಂದಳು ತಂಡ ನಡೆಸುವ ನೀತಾ. "ನಾಳೆನೂ ಹೀಗೇ ಆದ್ರೆ ಮುಗೀತು. ಆಮೇಲಿಂದ ಓಂಕಾರ್ ಅಂಕಲ್ ಪಕ್ಕ ಕೂತು ಫೋಟೋ ತೆಗೀರಿ."

ಜಯಂತಿಗೆ ಅದೊಂದೇ ಬೇಡವಾಗಿತ್ತು. ಗಂಡನ ಪಕ್ಕ ಕೂತರೆ ಮಂಡಿನೋವಿನ ಕಥೆ ಮೊದಲಿಂದ ಕೇಳಬೇಕು. ಈ ಕುಣಿತಕ್ಕೆ ಜೋಡಿ ಬೇಕಿಲ್ಲವೆಂದೇ ಅವರು ಸೇರಿದ್ದು.

"ನನ್ನ ಕೊನೇ ಸಾಲಿಗೆ ಹಾಕ್ಬಿಡಮ್ಮ," ಎಂದರು ಮೆತ್ತಗೆ. "ಮುಂದಿರೋರನ್ನ ನೋಡ್ಕೊಂಡು ತಿರುಗ್ತೀನಿ."

ಶನಿವಾರ ನೀತಾ ಕೌಬಾಯ್ ಟೋಪಿ ಹಾಕಿ, ಮೈಕ್ ಹಿಡಿದು ಈ ಕುಣಿತದ ಇತಿಹಾಸ ಶುರುಮಾಡಿದಳು. ಯೂರೋಪಿನಿಂದ ವಲಸೆ ಬಂದವರು ತಂತಮ್ಮ ಊರಿನ ಹೆಜ್ಜೆ ತಂದರಂತೆ, ಅವೆಲ್ಲ ಇಲ್ಲಿ ಬೆರೆತವಂತೆ, ಆಮೇಲೆ ಡಿಸ್ಕೋ ಬಂತಂತೆ, ಕಡೆಗೆ ಬೂಟು, ಟೋಪಿ.

"ಕುಣೀತೀರೋ, ಇಲ್ಲ ಪರೀಕ್ಷೆ ಇದ್ಯೋ?" ಓಂಕಾರ್ ಕೂತಲ್ಲಿಂದಲೇ ಕೂಗಿದರು.

ಹಾಡು ಶುರುವಾಯಿತು. ಮೊದಲ ಸುತ್ತು ಮುಗಿದಾಗ ಎಲ್ಲರೂ ಹಿಂದಿನ ಗೋಡೆಗೆ ಮುಖ ಮಾಡಬೇಕು. ಮಾಡಿದರು. ಆಗ ಕೊನೆಯ ಸಾಲೇ ಮೊದಲ ಸಾಲಾಯಿತು. ನೀತಾ ಎಲ್ಲರ ಬೆನ್ನ ಹಿಂದೆ. ಜಯಂತಿಯ ಕಣ್ಣೆದುರು ಬರೀ ಗೋಡೆ, ಅದರ ಮೇಲೊಂದು ಗಡಿಯಾರ.

ಈಗ ಎಡಕ್ಕೆ ತಿರುಗಬೇಕು. ಕಾಲು ಬಲಕ್ಕೆ ತಿರುಗಿತು. ಎಷ್ಟು ಧೈರ್ಯವಾಗಿ ಎಂದರೆ, ಹಿಂದಿದ್ದವರೆಲ್ಲ ತಮ್ಮದೇ ತಪ್ಪೆಂದುಕೊಂಡು ಅವರ ಹಾಗೆಯೇ ತಿರುಗಿಬಿಟ್ಟರು. ಎಡಕ್ಕೆ ತಿರುಗಿದ್ದು ನೀತಾ ಒಬ್ಬಳೇ. ಅವಳ ಟೋಪಿ ಪಕ್ಕದಲ್ಲಿ ಕುಣಿಯುತ್ತಿದ್ದ ಮಹೇಶನ ಟೋಪಿಗೆ ಢಿಕ್ಕಿ ಹೊಡೆದು ಎರಡೂ ನೆಲಕ್ಕೆ ಬಿದ್ದವು.

ಕುಣಿತ ಮುಗಿದು ಚಪ್ಪಾಳೆ ನಿಂತ ಮೇಲೆ ಮುಂದೆ ಕೂತಿದ್ದ ಅಮೆರಿಕನ್ ಅಜ್ಜಿಯೊಬ್ಬರು ಕೈಯೆತ್ತಿದರು. ಎಲ್ಲರೂ ಒಟ್ಟಿಗೆ ಬಲಕ್ಕೆ ತಿರುಗಿದ್ದು ಬಹಳ ಚೆನ್ನಾಗಿತ್ತು, ಅದರ ಇತಿಹಾಸವೇನು ಎಂದು ಕೇಳಿದರು.

ನೀತಾ ಮತ್ತೆ ಮೈಕ್ ಎತ್ತಿಕೊಂಡಳು. "ಅದು... ತುಂಬಾ ಹಳೇದು. ವಲಸೆ ಬಂದೋರು ತಂದಿದ್ದು," ಎಂದಳು ಇಂಗ್ಲಿಷಿನಲ್ಲಿ.

"ಮತ್ತೆ ನೀವೊಬ್ಬರೇ ಎಡಕ್ಕೆ ತಿರುಗಿದ್ರಲ್ಲ?"

"ನಾನಿನ್ನೂ ಕಲೀತಾ ಇದ್ದೀನಿ."

ಜಯಂತಿ ಬಿದ್ದ ಟೋಪಿಯನ್ನು ಎತ್ತಿ, ಧೂಳು ಕೊಡವಿ, ಅವಳ ತಲೆಯ ಮೇಲಿಟ್ಟರು.

"ಸೋಮವಾರ ಬಾಮ್ಮ, ಹೇಳ್ಕೊಡ್ತೀನಿ. ಕೊನೇ ಸಾಲಲ್ಲಿ ನಿಂತ್ಕೋ, ಯಾರಿಗೂ ಕಾಣಲ್ಲ."