ಹೊಗಳಿ ಕಳಿಸು, ಬೈದು ಇಟ್ಕೊ

ಹಗಲು ಹೊತ್ತಿನಲ್ಲೇ ಟೈರ್ ಅಂಗಡಿಯ ಶಟರ್ ಅರ್ಧ ಇಳಿದಿದೆ ಎಂದರೆ ಒಳಗೆ ಜಗಳ ಶುರುವಾಗಿದೆ ಎಂದೇ ಬೀದಿಯವರ ಲೆಕ್ಕ. ರೇಸಿನ ಹುಚ್ಚು ಹಿಡಿದವರೆಲ್ಲ ಆಗ ಅಲ್ಲಿ ಹಳೇ ಟೈರುಗಳ ಮೇಲೆ ಕೂತಿರುತ್ತಾರೆ. ಹುಚ್ಚು ಎಂದರೆ ಎಲ್ಲ ರೇಸಿನದ್ದೂ ಅಲ್ಲ. ನಾಲ್ಕೂ ಚಕ್ರ ಮೈಯಿಂದ ಆಚೆ ಚಾಚಿಕೊಂಡು, ಒಬ್ಬನೇ ಒಬ್ಬ ಕೂರುವ ಆ ತೆಳ್ಳನೆಯ ಕಾರುಗಳದ್ದು ಮಾತ್ರ. ಮುಂದಿನ ಸೀಸನ್ನಿನ ಪಟ್ಟಿ ಮಾಡುವ ಮುಂಚೆ ರೇಸ್ ನಡೆಸುವವರು ಅಭಿಮಾನಿ ಸಂಘಗಳನ್ನು ಒಂದು ಮಾತು ಕೇಳುತ್ತಾರೆ: ಯಾವ ಟ್ರ್ಯಾಕ್ ಇರಲಿ, ಯಾವುದು ಹೋಗಲಿ? ಕೇಳಿದ್ದನ್ನು ಅವರು ಪಾಲಿಸುತ್ತಾರೋ ಬಿಡುತ್ತಾರೋ ಯಾರಿಗೂ ಗೊತ್ತಿಲ್ಲ. ಆದರೆ ಕೇಳಿದರಲ್ಲ, ಅಷ್ಟು ಸಾಕು, ಇವರಿಗೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ಒಂದು ವರ್ಷ ಈ ಚರ್ಚೆಯಲ್ಲಿ ಕಟಿಂಗ್ ಅಂಗಡಿಯವನೂ ಬಸ್ ಡ್ರೈವರನೂ ಕಾಲರ್ ಹಿಡಿದುಕೊಂಡಿದ್ದರು. ಆಮೇಲೆ ಡ್ರೈವರ್ ಅವನ ಕತ್ತಿಗೆ ಕತ್ತು ಕೊಡಲು ಹೆದರಿ, ತಿಂಗಳುಗಟ್ಟಲೆ ಗಡ್ಡ ಬಿಟ್ಟುಕೊಂಡು ತಿರುಗಿದ. ಅದಕ್ಕೇ ಟೈರ್ ಅಂಗಡಿಯ ಯಜಮಾನರು ಒಂದು ಕಟ್ಟುಪಾಡು ತಂದರು. ತೆಗೆಯಿರಿ ಅನ್ನುವವರು ಆ ಟ್ರ್ಯಾಕಿನ ಬಗ್ಗೆ ನಿಜವಾದ ಒಂದು ಒಳ್ಳೇ ಮಾತು ಆಡಬೇಕು. ಇರಲಿ ಅನ್ನುವವರು ಅದರ ನಿಜವಾದ ಒಂದು ಹುಳುಕು ಹೇಳಬೇಕು. ಹೊಗಳಿ ಕಳಿಸು, ಬೈದು ಇಟ್ಕೊ. ಬಾಯಿ ಬರದವರ ಮಾತು ಲೆಕ್ಕಕ್ಕಿಲ್ಲ.

ಪಕ್ಕದ ಮಳಿಗೆಯಲ್ಲಿ ಕಾರುಗಳಿಗೆ ಸೀಟ್ ಕವರ್ ಹೊಲಿಯುವ ಸೀಟಕ್ಕ ವರ್ಷವರ್ಷವೂ ಸೋಲುತ್ತಿದ್ದದ್ದು ಈ ಕಟ್ಟುಪಾಡಿಗೇ. ಅವಳಿಗೆ ಬೇಡದ ಟ್ರ್ಯಾಕ್ ಒಂದೇ, ಊರಾಚೆಯ ತಮ್ಮದೇ ಟ್ರ್ಯಾಕ್. ಅಲ್ಲಿನ ಕೊನೆಯ ತಿರುವಿನಲ್ಲಿ ಅವಳ ಅಣ್ಣ ಬಾವುಟ ಹಿಡಿದು ನಿಲ್ಲುತ್ತಿದ್ದ. ಮುಂದೆ ಅಪಾಯ ಇದೆ ಎಂದು ಓಡಿಸುವವರಿಗೆ ಹಳದಿ ಬಾವುಟ ಬೀಸಿ ತೋರಿಸುವ ಕೆಲಸ. ಒಂದು ದಿನ ದಾರಿ ತಪ್ಪಿದ ಕಾರು ಅವನ ಮೇಲೇ ಬಂತು. ಒಂದು ಕಾಲು ಹೋಯಿತು, ಇನ್ನೊಂದು ಇದ್ದೂ ಇಲ್ಲದಂತಾಯಿತು. ಗಾಲಿಕುರ್ಚಿಗೆ ಬಿದ್ದರೂ ಜನ ಅವನನ್ನು ಬಾವುಟದಣ್ಣ ಎಂದೇ ಕರೆಯುತ್ತಾರೆ. ಅವನೂ ಅಷ್ಟೇ, ಆ ಟ್ರ್ಯಾಕಿನ ಬಗ್ಗೆ ಒಂದು ಮಾತು ಕೆಟ್ಟದಾಗಿ ಆಡಿದರೆ ಊಟ ಬಿಡುತ್ತಾನೆ. "ಬೂಟು ಸವೆದಿತ್ತು, ನಾನೇ ಜಾರಿ ಬಿದ್ದೆ, ಅದರದ್ದೇನು ತಪ್ಪು" ಅನ್ನುತ್ತಾನೆ. ಅಂಥ ಟ್ರ್ಯಾಕಿನ ಬಗ್ಗೆ ಸೀಟಕ್ಕನ ಬಾಯಿಂದ ಒಳ್ಳೇ ಮಾತು ಎಲ್ಲಿಂದ ಬರಬೇಕು? ಪ್ರತಿ ಸಲ ಎದ್ದು ನಿಲ್ಲುವಳು, ಬಾಯಿಗೆ ಬೈಗುಳವೇ ಬರುವುದು, ಕೂರುವಳು.

ಈ ವರ್ಷ ಕೂರುವ ಹಾಗಿರಲಿಲ್ಲ. ಅಣ್ಣನ ಮಗಳು ಬಾವುಟದ ತರಬೇತಿ ಮುಗಿಸಿದ್ದಳು. ಮುಂದಿನ ಸೀಸನ್ನಿಗೆ ಅವಳನ್ನು ಹಾಕಿದ್ದು ಅದೇ ತಿರುವಿಗೆ. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಸೀಟಕ್ಕ. ಟ್ರ್ಯಾಕನ್ನೇ ಪಟ್ಟಿಯಿಂದ ಎಬ್ಬಿಸದೆ ಬಿಡುವುದಿಲ್ಲ ಎಂದು ಅವಳು ಪಟ್ಟು ಹಿಡಿದಳು. ವಾರವೆಲ್ಲ ಹೊಲಿಗೆ ಮಿಷನ್ನಿನ ಸದ್ದಿನಲ್ಲಿ, ಯಾರಿಗೂ ಕೇಳಿಸದ ಹಾಗೆ, ಒಂದು ಒಳ್ಳೇ ಮಾತಿಗಾಗಿ ತಡಕಾಡಿದಳು.

ಶನಿವಾರ ಮಧ್ಯಾಹ್ನ ಸಭೆ. ಬಾವುಟದಣ್ಣನೂ ಅವನ ಮಗಳೂ ಬಂದಿದ್ದರು. ಮೊದಲು ಎದ್ದವನು ಕಟಿಂಗ್ ಅಂಗಡಿಯವನು. ಸಮುದ್ರದಂಡೆಯ ಬೀದಿ ಟ್ರ್ಯಾಕ್ ತೆಗೆಯಬೇಕು ಎಂದ.

"ಹೊಗಳಪ್ಪಾ" ಅಂದರು ಯಜಮಾನರು.

"ಅಲ್ಲಿ ರೇಸ್ ನೋಡ್ತಿದ್ರೆ ಸೊಗಸಾಗಿ ನಿದ್ದೆ ಬರುತ್ತೆ."

"ಅದು ಬೈಗುಳ. ನಡೆಯಲ್ಲ."

ಅವನು ಮುಖ ಹುಳ್ಳಗೆ ಮಾಡಿಕೊಂಡ. "ಆಯ್ತು. ಮಳೆ ಬಿದ್ರೆ ಅಲ್ಲಿ ಯಾರು ಗಂಡು ಅಂತ ಗೊತ್ತಾಗುತ್ತೆ. ಸಾಕಾ?" ಎಲ್ಲರೂ ಚಪ್ಪಾಳೆ ತಟ್ಟಿದರು. ಬಸ್ ಡ್ರೈವರ್ ಬೆಟ್ಟದ ಟ್ರ್ಯಾಕ್ ಇರಲೇಬೇಕು ಎಂದ. ಅದರ ಹುಳುಕು ಹೇಳುವಾಗ ಮಾತ್ರ ತನ್ನ ಮಗುವನ್ನು ತಾನೇ ಚಿವುಟುವವನ ಹಾಗೆ ಮೆಲ್ಲಗೆ ಹೇಳಿದ. ಇಲ್ಲಿ ಎಲ್ಲರಿಗೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಸೀಟಕ್ಕ ಎದ್ದಳು. "ನಮ್ಮ ಟ್ರ್ಯಾಕ್ ತೆಗೀಬೇಕು."

ಬಾವುಟದಣ್ಣ ತಲೆ ಎತ್ತಲಿಲ್ಲ. "ಈ ವರ್ಷವಾದ್ರೂ ಹೊಗಳ್ತೀಯೇನೇ?" ಅಂದ.

"ಹೊಗಳ್ತೀನಿ, ಕೇಳಿಸ್ಕೋ." ಅವಳು ಯಜಮಾನರ ಕಡೆ ತಿರುಗಿದಳು. "ನಮ್ಮತ್ತಿಗೆ ಹೋದ ಮೇಲೆ ಇವನು ಮಾತೇ ಬಿಟ್ಟಿದ್ದ. ಗೋಡೆ ನೋಡ್ತಾ ಕೂರ್ತಿದ್ದ. ಕಂಕುಳಲ್ಲಿ ಮಗು ಇಟ್ಕೊಂಡು, ಇವನೂ ಹೋಗ್ಬಿಡ್ತಾನೇನೋ ಅಂತ ನಾನು ಕಾಯ್ತಿದ್ದೆ. ಯಾರೋ ಕರ್ಕೊಂಡು ಹೋಗಿ ಆ ತಿರುವಲ್ಲಿ ನಿಲ್ಲಿಸಿದ್ರು. ಸಂಜೆ ಮನೆಗೆ ಬಂದವನು ಮಗೂನ ಎತ್ಕೊಂಡು ಕಾರಿನ ಸದ್ದು ಮಾಡಿ ನಗಿಸಿದ. ನಾನು ಅಡುಗೆಮನೆಗೆ ಹೋಗಿ ಅತ್ತೆ. ಸತ್ತಂತಿದ್ದ ಅಣ್ಣನ್ನ ಆ ಟ್ರ್ಯಾಕ್ ನನಗೆ ಬದುಕಿಸಿ ಕೊಟ್ಟಿತ್ತು. ಇದು ನಿಜ. ಈಗ ಅದನ್ನ ತೆಗೀರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡು, "ನಡೆಯುತ್ತೆ" ಎಂದರು. "ಇರಲಿ ಅನ್ನೋರು ಯಾರು?"

"ನಾನು" ಎಂದ ಬಾವುಟದಣ್ಣ. "ಹುಳುಕು ಹೇಳ್ತೀನಿ, ಬರ್ಕೊಳ್ಳಿ. ಶೌಚಾಲಯದಲ್ಲಿ ನೀರು ಬರಲ್ಲ."

ಪ್ರತಿ ವರ್ಷವೂ ಅವನು ಹೇಳುತ್ತಿದ್ದದ್ದು ಅದನ್ನೇ. ಪ್ರತಿ ವರ್ಷವೂ ಜನ ನಗುತ್ತಿದ್ದರು. ಈ ಸಲವೂ ಒಬ್ಬಿಬ್ಬರು ನಕ್ಕರು. ಆದರೆ ಅವನ ಮಗಳು ಕೂತಲ್ಲಿಂದ ಎದ್ದುಬಂದಳು.

"ಅಪ್ಪಾ, ಅತ್ತೆ ಕರುಳು ಹಿಂಡಿ ಹೇಳಿದ್ಲು. ನೀನು ನಲ್ಲಿ ನೀರಿನ ಕಥೆ ಹೇಳ್ತೀಯಲ್ಲ. ನಾನು ನಿಲ್ಲೋ ಜಾಗ ಅದು. ಸರಿಯಾದ್ದು ಹೇಳು."

ಬಾವುಟದಣ್ಣ ಕುರ್ಚಿಯ ಗಾಲಿ ಹಿಡಿದು ಹಿಂದಕ್ಕೊಂದು ಗೇಣು, ಮುಂದಕ್ಕೊಂದು ಗೇಣು ಉರುಳಿಸಿದ. ಮಗಳು ಅಲ್ಲಾಡಲಿಲ್ಲ. ಕೊನೆಗೆ ಅವಳ ಮುಖ ನೋಡದೆ ಹೇಳಿದ. "ಹಿಂದೆ ಜಾಗ ಇಲ್ಲ ಮಗಳೇ. ನಿಂತ್ಕೊಳ್ಳೋ ಕಡೆ ಮೂರೂ ಕಡೆ ಗೋಡೆ. ಕಾರು ಬಂದಾಗ ಓಡೋಣ ಅಂತ ತಿರುಗಿದೆ, ಎದೆಗೆ ಗೋಡೆ ಬಡೀತು. ನಾನು ಜಾರಲಿಲ್ಲ."

"ಜಾರಿದೆ ಅಂತ ಟ್ರ್ಯಾಕಿನ ಆಫೀಸಿಗೆ ಬರ್ಕೊಟ್ಟೆಯಲ್ಲೋ!" ಎಂದಳು ಸೀಟಕ್ಕ.

"ಗೋಡೆ ಅಂದಿದ್ರೆ ಆ ವರ್ಷವೇ ಟ್ರ್ಯಾಕ್ ಮುಚ್ತಿದ್ರು. ಕಾಲಂತೂ ಹೋಯ್ತು, ಅದೂ ಹೋದ್ರೆ ನನಗೆ ಇನ್ನೇನುಳೀತು ಅನ್ನಿಸ್ತು."

ಇಷ್ಟು ವರ್ಷ ಸೀಟಕ್ಕ ಅವನನ್ನು ಬೈದದ್ದು ಅವನ ಸವೆದ ಬೂಟಿಗಾಗಿ. ಹಬೆಯಾಡುವ ಅನ್ನ ಬಡಿಸುತ್ತ ಬೈದಿದ್ದಳು, ಸ್ನಾನ ಮಾಡಿಸುತ್ತ ಬೈದಿದ್ದಳು. ಅಷ್ಟನ್ನೂ ಅವನು ತುಟಿಪಿಟಕ್ಕೆನ್ನದೆ ಹೊಟ್ಟೆಗೆ ಹಾಕಿಕೊಂಡಿದ್ದ. ಅವಳಿಗೆ ಅಯ್ಯೋ ಅನ್ನಿಸಿತು. ಅದರ ಬೆನ್ನಿಗೇ ಮೈಯೆಲ್ಲ ಉರಿಯಿತು.

"ನಿನ್ನ ವಿಷಯ ಬಿಡು, ಇವಳನ್ನೂ ಅಲ್ಲೇ ನಿಲ್ಲಿಸೋಕೆ ಮನಸ್ಸು ಹೇಗೆ ಬಂತೋ?"

"ಇಷ್ಟು ಹೊತ್ತಿಗೆ ಸರಿಮಾಡಿರ್ತಾರೆ ಅಂದ್ಕೊಂಡೆ."

"ಮಾಡಿಲ್ಲ" ಎಂದಳು ಮಗಳು. "ಮೊನ್ನೆ ನೋಡ್ಕೊಂಡು ಬಂದೆ. ನೀನು ಜಾರಿದೆ ಅಂದ್ಮೇಲೆ ಗೋಡೆ ಯಾಕಪ್ಪ ಒಡೀತಾರೆ?"

ಬಾವುಟದಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕಟಿಂಗ್ ಅಂಗಡಿಯವನು ನೀರು ತಂದು ಕೊಟ್ಟರೆ ಮುಟ್ಟಲಿಲ್ಲ. ಯಜಮಾನರು ಕಟ್ಟುಪಾಡು ಕಟ್ಟುಪಾಡೇ ಎಂಬಂತೆ ಕೆಮ್ಮಿದರು. "ತೆಗೀಬೇಕು ಅನ್ನೋರು ಕೈ ಎತ್ತಿ."

ಮೊದಲು ಎದ್ದದ್ದು ಬಾವುಟದಣ್ಣನ ಕೈ. ಮೊಣಕೈ ಬಾಗದೆ, ನೆಟ್ಟಗೆ, ದೂರದಿಂದ ಬರುವವರಿಗೂ ಕಾಣುವಷ್ಟು ಎತ್ತರಕ್ಕೆ ಎತ್ತಿದ. ಕಣ್ಣಿಂದ ನೀರು ಇಳಿಯುತ್ತಿತ್ತು. ಉಳಿದವರೂ ಒಬ್ಬೊಬ್ಬರಾಗಿ ಎತ್ತಿದರು.

"ಹಿಂದೆ ಒಂದು ಬಾಗಿಲು ಇಟ್ಟ ದಿನ ನಾನು ಅಲ್ಲೇ ನಿಲ್ತೀನಿ, ಅತ್ತೆ. ಆಗ ತಡೀಬೇಡ" ಎಂದಳು ಹುಡುಗಿ, ಕೈ ಎತ್ತಿಕೊಂಡೇ.

ಸೀಟಕ್ಕ ಕೈ ಎತ್ತಿರಲಿಲ್ಲ. ಅಣ್ಣನ ಕುರ್ಚಿಯ ಬ್ರೇಕು ಬಿಡಿಸಿ, ಅದನ್ನು ಬೀದಿಯ ಕಡೆ ತಿರುಗಿಸಿದ್ದಳು.

"ಸೀಟಕ್ಕಾ, ಇಷ್ಟು ವರ್ಷ ಕಾದು ಈಗ ನಿನ್ನ ವೋಟೇ ಇಲ್ವಾ?" ಎಂದರು ಯಜಮಾನರು.

"ಟ್ರ್ಯಾಕಿನ ಆಫೀಸು ಸಂಜೆವರೆಗೂ ತೆಗೆದಿರುತ್ತೆ. ಇಲ್ಲಿ ಆಡಿದ ಮಾತನ್ನ ಇವನು ಅಲ್ಲಿ ಆಡಬೇಕು. ಏನಣ್ಣ, ಆಡ್ತೀಯಾ?"

ಬಾವುಟದಣ್ಣ ತೋಳಿನಿಂದ ಮುಖ ಒರೆಸಿಕೊಂಡ. "ಟ್ರ್ಯಾಕ್ ಹೋಗುತ್ತಲ್ಲೇ" ಎಂದ.

"ಹೋದ್ರೆ ಹೋಗ್ಲಿ. ಆಡ್ತೀಯೋ ಇಲ್ವೋ?"

"ಆಡ್ತೀನಿ. ತಳ್ಳು."

ಕಟಿಂಗ್ ಅಂಗಡಿಯವನೂ ಬಸ್ ಡ್ರೈವರನೂ ದಾರಿಗಡ್ಡ ಬಿದ್ದಿದ್ದ ಟೈರುಗಳನ್ನು ಪಕ್ಕಕ್ಕೆ ಎಳೆದರು, ಯಜಮಾನರು ಶಟರನ್ನು ಪೂರ್ತಿ ಮೇಲೆತ್ತಿದರು.